ಕಂಡರೂ ಕಾಣದವನು

ಮಾತಿಗೆ ಅರ್ಥ ಹಚ್ಚುವ ವಿದ್ಯೆ ವಕೀಲರ ಸ್ವತ್ತು ಎನ್ನುವವರು ಒಮ್ಮೆ ನಮ್ಮ ಆಟದ ಮೇಜಿನ ಬಳಿ ಬಂದು ಕೂರಬೇಕು. ನಾವು ಐವರು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರ ಹೆಸರಿನಲ್ಲಿ ಹೊರಬಂದದ್ದು. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ; ಉಳಿದವರು ಭಟನೋ ಮಾಂತ್ರಿಕನೋ ಆಗಿ ಮಾತಿನಲ್ಲೇ ಕಾದಾಡುತ್ತಾರೆ. ಏಟು ತಗುಲಿತೇ ಇಲ್ಲವೇ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ದಾಳಕ್ಕೆ ಎದುರಾಡುವವರಿಲ್ಲ, ಜಗಳವೆಲ್ಲ ಪುಸ್ತಕದ ಮಾತಿನದು.

2014ರ ಕೈಪಿಡಿಯಲ್ಲಿ ಅದೃಶ್ಯನಾದವನ ವಿಷಯಕ್ಕೆ ಎರಡು ವಿಧಿಗಳಿದ್ದವು. ಮಂತ್ರಬಲವೋ ವಿಶೇಷ ಇಂದ್ರಿಯವೋ ಇಲ್ಲದೆ ಅವನನ್ನು ಕಾಣಲಾಗದು ಎಂಬುದು ಮೊದಲನೆಯದು. ಅವನಿಗೆ ಹೊಡೆಯುವವನು ಎರಡು ಸಲ ದಾಳ ಉರುಳಿಸಿ ಕಡಿಮೆ ಬಿದ್ದುದನ್ನು ಎಣಿಸಬೇಕು, ಅವನೇ ಹೊಡೆದರೆ ಹೆಚ್ಚು ಬಿದ್ದುದನ್ನು ಎಣಿಸಬೇಕು ಎಂಬುದು ಎರಡನೆಯದು. ಸರಿ, ಆದರೆ ಅದೃಶ್ಯರನ್ನು ಕಾಣಿಸುವ ಮಂತ್ರವೂ ಅದೇ ಪುಸ್ತಕದಲ್ಲಿತ್ತು. ಅದನ್ನು ಜಪಿಸಿ ಎದುರಾಳಿಯನ್ನು ಕಣ್ಣಾರೆ ಕಂಡವನಿಗೂ ಈ ತೊಡಕು ಉಂಟೇ? ಎರಡನೆಯ ವಿಧಿಯಲ್ಲಿ ‘ಕಾಣದಿದ್ದರೆ’ ಎಂಬ ಮಾತೇ ಇರಲಿಲ್ಲ. ಅಕ್ಷರ ಹಿಡಿದು ಹೊರಟರೆ, ಕಂಡರೂ ಅವನು ಕಾಣದವನೇ!

ನಮ್ಮ ಗೆಳೆಯನೊಬ್ಬ ಅಕ್ಷರದ ಪಕ್ಷ. “ಬೇಕಿದ್ದರೆ ಗ್ರಂಥಕರ್ತ ಬರೆಯುತ್ತಿರಲಿಲ್ಲವೇ?” ಎಂದು ಅವನ ವಾದ. ಆಗ ಅದೃಶ್ಯನಾಗಿ ನಿಂತವನು ಅವನ ಮಾಂತ್ರಿಕ, ಕಂಡವನು ಶತ್ರು. ಎರಡು ವಾರ ಕಳೆಯಿತು. ಈ ಸಲ ಶತ್ರು ಅದೃಶ್ಯನಾದ, ನಮ್ಮವನು ಮಂತ್ರ ಖರ್ಚುಮಾಡಿ ಅವನನ್ನು ಕಂಡ. ಕೂಡಲೇ ತಾತ್ಪರ್ಯದ ಪಕ್ಷಕ್ಕೆ ಹಾರಿದ: “ಕಾರಣವೇ ಹೋದಮೇಲೆ ಕಾರ್ಯ ಉಳಿಯುವುದುಂಟೇನಯ್ಯಾ?” ಸೂತ್ರಧಾರ ನಕ್ಕು, “ಆಗಲಿ. ನಾಳೆ ನೀನು ಅದೃಶ್ಯನಾದಾಗಲೂ ಇದೇ ತೀರ್ಪು, ಒಪ್ಪಿಗೆಯೇ?” ಎಂದ. ಗೆಳೆಯ ತಲೆ ಕೆರೆದುಕೊಂಡು ಒಪ್ಪಿದ. ಅಂದಿನಿಂದ ನಮ್ಮಲ್ಲಿ ಕಂಡವನು ಕಂಡವನೇ. 2024ರ ಪರಿಷ್ಕೃತ ಕೈಪಿಡಿಯೂ, ಅದೃಶ್ಯನನ್ನು ಕಾಣಬಲ್ಲವನೆದುರು ಈ ಅನುಕೂಲ ನಡೆಯದೆಂದು ಬರೆದು ವ್ಯಾಜ್ಯ ತೀರಿಸಿತು.

ಇಷ್ಟು ಸಣ್ಣ ಮಾತಿಗೆ ಇಷ್ಟು ರಂಪವೇ ಎಂದು ಓದುಗರು ಕೇಳಬಹುದು. ಆ ಮೇಜಿನ ಮೇಲೆ ಕತ್ತಿಯಿಲ್ಲ, ಗುಹೆಯಿಲ್ಲ; ಇರುವುದೆಲ್ಲ ಮಾತು. ಅದು ದೊಡ್ಡ ಗಂಟಲಿನವನ ಕಡೆಗೆ ವಾಲಿದರೆ ಮೆಲುದನಿಯವನಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಅಕ್ಷರವೇ ಆಗಲಿ, ತಾತ್ಪರ್ಯವೇ ಆಗಲಿ, ನನಗೂ ನನ್ನ ಎದುರಾಳಿಗೂ ಒಂದೇ ತಕ್ಕಡಿಯಲ್ಲಿ ತೂಗಿಕೊಡಬೇಕು. ನಮ್ಮ ಐವರಲ್ಲಿ ಅಂಥ ಮೆಲುದನಿಯವನೊಬ್ಬನಿದ್ದಾನೆ. ಈಚೆಗೆ ಅವನು ದಾಳ ಉರುಳಿಸುವ ಮೊದಲು ನಮ್ಮ ಮುಖ ನೋಡುವುದನ್ನು ಬಿಟ್ಟಿದ್ದಾನೆ.