ಮುದ್ರೆಯ ಹೊಣೆ

ಗಂಟು ಕಟ್ಟುವುದೂ ಒಂದು ವಿದ್ಯೆಯೇ ಸರಿ. ನಮ್ಮ ಹಿರಿಯ ಹೆಂಗಸರು ಉಪ್ಪಿನಕಾಯಿಯ ಭರಣಿಯ ಬಾಯಿಗೆ ಅರಿವೆಯನ್ನು ಬಿಗಿದು ದಾರ ಸುತ್ತಿದರೆಂದರೆ, ಆ ಗಂಟನ್ನು ಬೇರೊಬ್ಬರು ಬಿಚ್ಚಿ ತಿರುಗಿ ಕಟ್ಟಿದ್ದನ್ನು ನೋಡಿದ ಮಾತ್ರದಿಂದಲೇ ತಿಳಿದುಬಿಡುವರು. ಗಂಟೇನೂ ಬೀಗವಲ್ಲ, ಕದಿಯಬೇಕೆಂದವನನ್ನು ಅದು ತಡೆಯಲಾರದು. ಆದರೆ ಇಲ್ಲಿ ಅನ್ಯರ ಕೈ ಬಂದು ಹೋಯಿತೆಂದು ಸಾಕ್ಷಿ ನುಡಿಯಬಲ್ಲದು. ಮುದ್ರೆಯೆಂಬುದರ ತತ್ತ್ವವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಅದು ಕಾವಲುಗಾರನಲ್ಲ, ಸಾಕ್ಷಿ. ಸಾಕ್ಷಿಯು ಸತ್ಯವಾಗಿರಬೇಕಾದರೆ ಅದನ್ನು ನಿಲ್ಲಿಸಿದವನು ಮೊದಲು ಸತ್ಯವಂತನಾಗಿರಬೇಕು.

ಹಡಗು, ಬಂದರ, ಸುಂಕದ ಕಟ್ಟೆ ಇವುಗಳ ಮಾತು ಗೃಹಸ್ಥರ ಮಾಸಪತ್ರಿಕೆಗೆ ಏಕೆಂದು ವಾಚಕರು ಕೇಳಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರಿಗಿಂತ ಕಾಣದವರೇ ಹೆಚ್ಚು. ಹಾಗಿದ್ದರೂ ನಮ್ಮ ಕೈಯ ಕೆಲಸವು ಸಮುದ್ರವನ್ನು ದಾಟುತ್ತಲೇ ಇದೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ನಿಪ್ಪಾಣಿಯ ಮೈಗೆ ತಾಗಿಯೇ ಹಾಯುತ್ತದೆ. ಅದರ ಮಗ್ಗುಲಲ್ಲಿ ಅರ್ಧ ಗಳಿಗೆ ನಿಂತರೆ, ಕಂಟೇನರ್ ಎಂದು ಕರೆಯುವ ಉಕ್ಕಿನ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳು ಒಂದರ ಹಿಂದೊಂದು ಹೋಗುವುದು ಕಾಣುವುದು. ಅವುಗಳಲ್ಲಿ ಅನೇಕವು ಮುಂಬಯಿಯ ಬಳಿ 1989ರಲ್ಲಿ ತೆರೆದ ನ್ಹಾವಾ ಶೇವಾ ಬಂದರಕ್ಕೆ ಹೋಗತಕ್ಕವು. ಆ ಲಾರಿಯ ಚಾಲಕನೂ, ಸರಕು ತುಂಬುವ ಹಮಾಲನೂ, ಕಾಗದ ಬರೆಯುವ ಗುಮಾಸ್ತನೂ ನಮ್ಮ ಮನೆಗಳ ಮಕ್ಕಳೇ ಆಗಿರುವರು. ಆದಕಾರಣ ಇದು ನಮ್ಮ ಮನೆಯ ಮಾತೇ.

ಚಪ್ಪಲಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕೇರಿಗಳಲ್ಲಿಯೂ ತಲೆಮಾರುಗಳಿಂದ ಇದರ ಕಸಬು ನಡೆದುಬಂದಿದೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲು, ಮೊಳೆಯಿಲ್ಲದ ಹೊಲಿಗೆ, ಹೆಣಿಗೆಯ ಕೆಲಸದಲ್ಲಿ ಮನೆಯ ಹೆಂಗಸರ ಕೈ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ದೊರಕಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಶ್ರೀಮಂತ ಮನೆತನದ ವ್ಯಾಪಾರಿಗಳು ಇದೇ ಮಾದರಿಯ ಪಾದರಕ್ಷೆಗಳನ್ನು, ಮೂಲದ ಹೆಸರನ್ನೆತ್ತದೆ, ಪ್ರದರ್ಶಿಸಿದಾಗ ಎದ್ದ ಗದ್ದಲವನ್ನು ವಾಚಕರು ಮರೆತಿರಲಾರರು. ಆಮೇಲೆ ಆ ವ್ಯಾಪಾರಿಗಳು ಮೂಲವನ್ನು ಒಪ್ಪಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಎರಡು ಸರಕಾರೀ ನಿಗಮಗಳೊಡನೆ ಒಪ್ಪಂದವಾಗಿ, ಈ ಎರಡು ಪ್ರಾಂತಗಳಲ್ಲಿಯೇ 2000 ಜೋಡು ಮಾಡಿಸುವುದಾಗಿ ಸಾರಿದರು.

ಹೆಸರು ಬಂದಿತು, ಸಂತೋಷ. ಆದರೆ ಹೆಸರಿನ ಹಿಂದೆ ಹೊಣೆಯೂ ಬರುತ್ತದೆ. ಕೇರಿಯಲ್ಲಿ ಕೊಳ್ಳುವವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬಗ್ಗಿಸಿ, ಮೆಟ್ಟಿ ನೋಡಿ ಹಣ ಕೊಡುವನು. ಪರದೇಶದವನು ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವನು. ನಡುವೆ ಸಾವಿರಾರು ಹರಿದಾರಿಯ ದಾರಿ, ಹತ್ತಾರು ಕೈ. ದಾರಿಯಲ್ಲಿ ಒಳ್ಳೆಯ ಜೋಡನ್ನು ತೆಗೆದು ರೆಕ್ಸಿನ್ನಿನ ಕೃತಕವನ್ನಿಟ್ಟರೂ, ಚಪ್ಪಲಿಯ ಡಬ್ಬಿಗಳ ನಡುವೆ ಮಾದಕ ಪದಾರ್ಥವನ್ನು ತುರುಕಿದರೂ, ಕೆಡುವುದು ಮಾಡಿದವನ ಹೆಸರೇ.

ಈ ಚಿಂತೆ ಹೊಸದೇನಲ್ಲ. ಮೈಸೂರಿನಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಪ್ರತಿಯಿಂದ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವೆಂಬುದೊಂದುಂಟು. ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದಾಗ ನಾನು ಅದನ್ನು ಪಂಡಿತರ ಕುತೂಹಲದಿಂದ ಓದಿದ್ದೆ. ಈಗ ಓದಿದರೆ ನಿನ್ನೆ ಬರೆದಂತೆ ತೋರುವುದು. ಸುಂಕದ ಕಟ್ಟೆಯಲ್ಲಿ ನಾಲ್ಕೈದು ಜನ ಕುಳಿತು ಬಂದ ವ್ಯಾಪಾರಿಯನ್ನು ಕುರಿತು ಬರೆದುಕೊಳ್ಳಬೇಕು: ಇವನು ಯಾರು, ಎಲ್ಲಿಯವನು, ಸರಕೆಷ್ಟು, ಮೊದಲು ಮುದ್ರೆಯನ್ನು ಒತ್ತಿದ್ದು ಎಲ್ಲಿ? ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ತೆರಬೇಕು. ಕಳ್ಳ ಮುದ್ರೆಗೆ ಸುಂಕದ ಎಂಟು ಪಟ್ಟು ದಂಡ. ಮುದ್ರೆ ಇಲ್ಲದವನಿಗಿಂತ ಸುಳ್ಳು ಮುದ್ರೆಯವನು ನಾಲ್ಮಡಿ ಅಪರಾಧಿ! ಇನ್ನು ಗಡಿಯನ್ನು ಕಾಯುವ ಅಂತಪಾಲನು ಹೊರದೇಶದ ಸಾರ್ಥವನ್ನು ಪರೀಕ್ಷಿಸಿ, ಗುರುತೂ ಮುದ್ರೆಯೂ ಹಾಕಿ ಮುಂದಕ್ಕೆ ಕಳಿಸಬೇಕು. ದಾರಿಯ ತೆರಿಗೆಯನ್ನು ತೆಗೆದುಕೊಂಡವನು ಅವನೇ ಆದ್ದರಿಂದ, ದಾರಿಯಲ್ಲಿ ಕಳೆದುದನ್ನೂ ಕಳವಾದುದನ್ನೂ ಅವನೇ ತುಂಬಿಕೊಡಬೇಕು. ಹಕ್ಕು ಯಾರದೋ ಹೊಣೆಯೂ ಅವರದೇ ಎಂಬುದು ಇದರ ಅಭಿಪ್ರಾಯ.

ನಮ್ಮ ನಾಡಿನ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘವೂ ಇದನ್ನು ಬಲ್ಲದು. ಅವರ ಸಾರ್ಥಗಳ ಜೊತೆಗೆ ಶಸ್ತ್ರಧಾರಿಗಳು ನಡೆಯುತ್ತಿದ್ದರು. ಸಮುದ್ರದಾಚೆ ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನವೊಂದರಲ್ಲಿ ಐನೂರ್ವರ ಹೆಸರು ಉಂಟು. ಐಹೊಳೆಯ ಹೆಸರನ್ನು ಹೊತ್ತ ಸಂಘಕ್ಕೆ ಅಷ್ಟು ದೂರದಲ್ಲಿ ಮನ್ನಣೆ ಸಿಕ್ಕಬೇಕಾದರೆ, ಕಳಿಸಿದ ಮಾಲು ಕಳಿಸಿದ ಹಾಗೆಯೇ ಮುಟ್ಟಿರಬೇಕು.

ಈ ಕಾಲದ ಕಟ್ಟುಪಾಡುಗಳು 2001ರ ಸೆಪ್ಟೆಂಬರಿನಲ್ಲಿ ಅಮೇರಿಕೆಯಲ್ಲಿ ನಡೆದ ಘೋರ ದಾಳಿಯ ತರುವಾಯ ಬಿಗಿಯಾದವು. ಸರಕಿನ ಪೆಟ್ಟಿಗೆಯಲ್ಲಿ ಆಪತ್ತೂ ಬರಬಹುದೆಂಬ ಭಯದಿಂದ, ಬಂದರದಲ್ಲಿ ನೋಡುವುದಕ್ಕಿಂತ ಹೊರಟ ಸ್ಥಳದಲ್ಲಿಯೇ ನೋಡಿಕೊಳ್ಳಬೇಕೆಂದು ಆ ದೇಶವು ತನ್ನ ವರ್ತಕರನ್ನೂ, ಅವರ ಮೂಲಕ ಸರಕು ಒದಗಿಸುವವರನ್ನೂ ಪ್ರೇರೇಪಿಸಿತು. 2005ರಲ್ಲಿ ಜಗತ್ತಿನ ಸುಂಕದ ಸಂಘಟನೆಯು ಸರ್ವರಿಗೂ ಸಲ್ಲುವ ಒಂದು ಚೌಕಟ್ಟನ್ನು ಅಂಗೀಕರಿಸಿತು. 2011ರಲ್ಲಿ ಭಾರತವೂ ತನ್ನ ಯೋಜನೆಯನ್ನು ಆರಂಭಿಸಿತು. ಮೊದಲು ಕಾರಖಾನೆಯ ಪೆಟ್ಟಿಗೆಗೆ ಸುಂಕದ ಅಧಿಕಾರಿಯೇ ಬಂದು ಮುದ್ರೆ ಹಾಕುವ ಪದ್ಧತಿಯಿತ್ತು. 2017ರಲ್ಲಿ ಸರಕಾರವು, ಅನುಮತಿ ಪಡೆದ ವರ್ತಕನು ತಾನೇ ವಿದ್ಯುನ್ಮುದ್ರೆಯನ್ನು ಹಾಕಿ ಕಳಿಸತಕ್ಕದ್ದೆಂದು ಗೊತ್ತುಮಾಡಿತು. ಇದರ ಅರ್ಥವನ್ನು ವಾಚಕರು ತುಸು ಯೋಚಿಸಬೇಕು. ರಾಜಮುದ್ರೆಯು ಅಧಿಕಾರಿಯ ಕೈಯಿಂದ ವರ್ತಕನ ಕೈಗೆ ಬಂದಿತು! ಅಧಿಕಾರಿಯು ಬರಲೆಂದು ಕಾಯುವ ತೊಂದರೆ ತಪ್ಪಿತು ನಿಜ. ಅವನು ನೋಡಿದ್ದಾನಲ್ಲ ಎಂಬ ನೆಪವೂ ಜೊತೆಗೇ ತಪ್ಪಿತು.

ಮಾಡಬೇಕಾದ ಕೆಲಸಗಳಾದರೂ ದೊಡ್ಡ ಶಾಸ್ತ್ರವೇನಲ್ಲ. ಬರಿದಾದ ಪೆಟ್ಟಿಗೆಯು ಅಂಗಳಕ್ಕೆ ಬಂದಾಗ ಅದರ ಏಳು ಭಾಗಗಳನ್ನು ನೋಡಬೇಕು: ಮುಂದಿನ ಗೋಡೆ, ಎಡ, ಬಲ, ನೆಲ, ಮಾಡು, ಬಾಗಿಲ ಒಳಹೊರಗು, ಕೆಳಗಿನ ಅಡಿಗಟ್ಟು. ಇಪ್ಪತ್ತು ಅಡಿಯದೆನ್ನುವ ಪೆಟ್ಟಿಗೆಯ ಒಳ ಉದ್ದವು ಸುಮಾರು 5.9 ಮೀಟರ್ ಇರತಕ್ಕದ್ದು. ಅಳತೆಯ ಪಟ್ಟಿ ಹಿಡಿದಾಗ ಒಂದೆರಡು ಗೇಣು ಕಡಿಮೆ ಬಂದರೆ, ಆಚೆಗೆ ಸುಳ್ಳು ಗೋಡೆಯೊಂದಿದೆಯೋ ಎಂದು ಸಂಶಯಪಡಬೇಕು. ತುಂಬುವಾಗ ಎಣಿಸಬೇಕು, ತುಂಬಿದ ಮೇಲೆ ತೂಕವನ್ನು ನಿಜವಾಗಿ ಬರೆಯಬೇಕು, 2016ರ ಜುಲೈ 1ರಿಂದ ತೂಗದ ಪೆಟ್ಟಿಗೆಯನ್ನು ಹಡಗಿಗೆ ಏರಿಸುವಂತಿಲ್ಲ. ಕಟ್ಟಿಗೆಯ ಹಲಗೆಗಳನ್ನು ಉಪಯೋಗಿಸಿದರೆ, ಅವುಗಳನ್ನು ತಿರುಳಿನವರೆಗೂ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿಯೋ ಬೇರೆ ಒಪ್ಪಿತ ಉಪಚಾರದಿಂದಲೋ ಹುಳು ಸಾಯಿಸಿ, ತೆನೆಯ ಚಿಹ್ನೆಯನ್ನು ಒತ್ತಿಸಿರಬೇಕು. ಕಡೆಗೆ ಬಾಗಿಲು ಹಾಕಿ ಉಕ್ಕಿನ ಮುದ್ರೆಯನ್ನು ತೊಡಿಸಿದ ಮೇಲೆ ನಾಲ್ಕು ಕ್ರಿಯೆ: ಕಣ್ಣಿನಿಂದ ನೋಡುವುದು, ಅಂಕಿಯನ್ನು ಕಾಗದದೊಡನೆ ಹೋಲಿಸುವುದು, ಜಗ್ಗುವುದು, ತಿರುಚುವುದು.

ಇದರಲ್ಲಿ ಎರಡನೆಯ ಕ್ರಿಯೆಯನ್ನು ಅಲಕ್ಷಿಸಿದರೆ ಏನಾಗುವುದೆಂಬುದನ್ನು ರಾಯಬಾಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಕೇಳಿದೆ. ಅವನು ಲಾರಿಯ ಚಾಲಕನು. ಒಬ್ಬ ವರ್ತಕರ ಅಂಗಳದಿಂದ ಮುದ್ರೆ ಹಾಕಿದ ಪೆಟ್ಟಿಗೆಯನ್ನು ಬಂದರಕ್ಕೆ ಒಯ್ದನು. ಅಲ್ಲಿಯ ಬಾಗಿಲಲ್ಲಿ ನೋಡಿದರೆ ಮುದ್ರೆಯ ಅಂಕಿಗೂ ಕಾಗದದ ಅಂಕಿಗೂ ಹೊಂದಿಕೆಯಿಲ್ಲ. ಕಡೆಯ ಎರಡು ಅಂಕಿಗಳು ಹಿಂದುಮುಂದಾಗಿದ್ದವು, ಅಷ್ಟೇ. ಒಬ್ಬನು ಓದಿ ಹೇಳಿದ್ದನ್ನು ಇನ್ನೊಬ್ಬನು ಕಣ್ಣಿನಿಂದ ನೋಡದೆ ಬರೆದುಕೊಂಡಿದ್ದನು. ಆದರೆ ಬಾಗಿಲಲ್ಲಿ ನಿಂತವನಿಗೆ ಅದು ಹೇಗೆ ತಿಳಿಯಬೇಕು? ದಾರಿಯಲ್ಲಿ ಮುದ್ರೆಯನ್ನು ಬದಲಿಸಿದ್ದಾರೆಂದೇ ಅವನು ಎಣಿಸಬೇಕಲ್ಲವೇ! ಪೆಟ್ಟಿಗೆಯನ್ನು ತೆರೆದು ಒಂದೊಂದನ್ನೂ ಎಣಿಸಿದರು. ಹಡಗು ಹೊರಟುಹೋಯಿತು. ಎಲ್ಲಿ ನಿಲ್ಲಿಸಿದ್ದೆ, ಯಾರೊಡನೆ ಮಾತಾಡಿದೆ ಎಂದು ಹುಡುಗನನ್ನು ಎರಡು ದಿನ ಪ್ರಶ್ನಿಸಿದರು. “ಸರ, ಒಂದ ಡಬ್ಬಿನೂ ಕಡಿಮಿ ಇರಲಿಲ್ಲ. ಆದ್ರೂ ಕಳ್ಳನ್ನ ನೋಡಿದಂಗ ನೋಡಿದ್ರು” ಎಂದನು. ನಿರಪರಾಧಿಯೆಂದು ಗೊತ್ತಾದ ಮೇಲೆಯೂ ಮೂರು ತಿಂಗಳು ಯಾರೂ ಅವನಿಗೆ ಅಂಥ ಬಾಡಿಗೆಯನ್ನು ಕೊಡಲಿಲ್ಲ. ಆ ವರ್ಷ ಮಗಳ ಶಾಲೆಯ ಹಣವನ್ನು ಸಾಲ ಮಾಡಿ ತುಂಬಿದನು. ಬರೆದವನಿಗೆ ಎರಡು ಅಂಕಿ. ಹೊತ್ತವನಿಗೆ ಮೂರು ತಿಂಗಳ ಅನ್ನ.

ಇಲ್ಲಿ ಒಂದು ಆಕ್ಷೇಪವುಂಟು, ಅದು ನ್ಯಾಯವಾದದ್ದೂ ಹೌದು. ದೊಡ್ಡ ಕಾರಖಾನೆಯವರು ಬೇಲಿ, ದೀಪ, ಛಾಯಾಯಂತ್ರಗಳನ್ನು ಇಟ್ಟಾರು. ಒಂದೇ ಪಡಸಾಲೆಯಲ್ಲಿ ಉಂಡು, ಮಲಗಿ, ಅಲ್ಲಿಯೇ ಚಪ್ಪಲಿ ಹೊಲಿಯುವ ಕುಟುಂಬವು ಏನು ಮಾಡಬೇಕು? ಪರದೇಶದ ಕೊಳ್ಳುವವನು ನಿಯಮವನ್ನು ಹೆಚ್ಚಿಸಿ ಬೆಲೆಯನ್ನು ಹೆಚ್ಚಿಸದಿದ್ದರೆ ಅದು ಧರ್ಮವಲ್ಲ. ಕಾವಲಿನ ವೆಚ್ಚವೂ ಬೆಲೆಯೊಳಗೆ ಸೇರಬೇಕು. ಈ ಮಾತನ್ನು ನಮ್ಮ ಸಂಘಗಳೂ ನಿಗಮಗಳೂ ಗಟ್ಟಿಯಾಗಿ ಹೇಳಬೇಕು. ಆದರೆ ಹಣ ಬೇಡದ ಕಾವಲೂ ಉಂಟು. ಇಂಥ ಮನೆಗಳ ಮಾಲು ಅನೇಕ ವೇಳೆ ಬೇರೆಯವರ ಮಾಲಿನೊಡನೆ ಒಂದೇ ಪೆಟ್ಟಿಗೆಯಲ್ಲಿ ಕೂಡುತ್ತದೆ. ಒಬ್ಬನ ಅಜಾಗ್ರತೆಯಿಂದ ಹತ್ತು ಮಂದಿಯ ಮಾಲು ನಿಲ್ಲುವುದು. ಆದುದರಿಂದ ಕೊಟ್ಟ ಜೋಡುಗಳೆಷ್ಟು, ಯಾರ ಕೈಗೆ, ಯಾವ ದಿನ ಎಂಬುದನ್ನು ಒಂದು ವಹಿಯಲ್ಲಿ ಬರೆಯಬೇಕು. ಕಟ್ಟಿದ ಡಬ್ಬಿಗಳನ್ನು ಕಟ್ಟೆಯ ಮೇಲೆ ರಾತ್ರಿ ಬಿಡಬಾರದು. ಪರಿಚಯವಿಲ್ಲದವನು ಇದೊಂದು ಪೊಟ್ಟಣವೂ ಜೊತೆಗಿರಲಿ ಎಂದರೆ ಒಲ್ಲೆನೆನ್ನಬೇಕು.

ಬೇಲಿಯೇ ಎದ್ದು ಹೊಲ ಮೇಯುವುದೆಂಬ ಭಯವೂ ಇದ್ದದ್ದೇ. ಒಳಗಿನವನೇ ಬಾಗಿಲು ತೆರೆದುಕೊಟ್ಟರೆ ಉಕ್ಕಿನ ಮುದ್ರೆಯು ಏನು ಮಾಡೀತು? ಕೆಲಸಕ್ಕೆ ಬಂದವನ ಪೂರ್ವಾಪರವನ್ನು ವಿಚಾರಿಸಬೇಕೆಂದು ನಿಯಮಗಳು ಹೇಳುತ್ತವೆ, ಒಳ್ಳೆಯದು. ಆದರೆ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವ ಧಣಿಯ ಅಂಗಳದಲ್ಲಿ ಲಂಚಕ್ಕೆ ಒಲಿಯುವವರು ಕಡಿಮೆ ಎಂಬುದನ್ನು ನಮ್ಮ ಊರಿನ ಯಾವ ಹಿರಿಯನಾದರೂ ಹೇಳಬಲ್ಲನು.

ಇನ್ನು ಗೃಹಸ್ಥರಿಗೂ ತಾಯಂದಿರಿಗೂ ಎರಡು ಮಾತು. ಮಗನು ಜರ್ಮನಿಯಲ್ಲಿ, ಮಗಳು ಅಮೇರಿಕೆಯಲ್ಲಿ ಇರುವ ಮನೆಗಳು ಈಗ ನಮ್ಮಲ್ಲಿ ವಿರಳವಲ್ಲ. ನೀವು ಚಟ್ನಿಪುಡಿಯನ್ನು ಕಟ್ಟಿ ಕಳಿಸುವಾಗ ನೀವೂ ಪರದೇಶಕ್ಕೆ ಸರಕು ಒದಗಿಸುವವರೇ ಆಗಿದ್ದೀರಿ. ಅಂಚೆಯ ಚೀಟಿಯಲ್ಲಿ ಒಳಗಿರುವುದನ್ನು ಇದ್ದ ಹಾಗೆಯೇ ಬರೆಯಿರಿ. ಬರಿದೆ ಕಾಣಿಕೆ ಎಂದು ಬರೆದರೆ ಅದು ವಿವರಣೆಯಲ್ಲ. ಪ್ರಯಾಣಕ್ಕೆ ಹೊರಟ ಮಗನ ಪೆಟ್ಟಿಗೆಯನ್ನು ಅವನೇ ಕಟ್ಟಿಕೊಳ್ಳಲಿ. ನೆರೆಯವರು ತಮ್ಮವರಿಗೆಂದು ಪೊಟ್ಟಣ ಕೊಟ್ಟರೆ ಅವರೆದುರಿಗೇ ಬಿಚ್ಚಿ ನೋಡಿ ತಿರುಗಿ ಕಟ್ಟಿರಿ. ಇದಕ್ಕೆ ಕೋಪಿಸುವವರ ಪೊಟ್ಟಣವನ್ನು ಒಯ್ಯದಿರುವುದೇ ಲೇಸು. ಮೋಮಾಟಕ್ಕೆ ಬಿದ್ದು, ತನ್ನದಲ್ಲದ ಗಂಟಿಗಾಗಿ ಪರದೇಶದ ಸೆರೆಮನೆಯಲ್ಲಿ ಕೂಡುವ ಪ್ರಸಂಗವು ಯಾರ ಮಗನಿಗೂ ಬರಬಾರದು.

ಇನ್ನೊಬ್ಬರು ನಂಬಿ ಇಟ್ಟ ವಸ್ತುವಿಗೆ ನಮ್ಮ ಧರ್ಮಶಾಸ್ತ್ರಗಳಲ್ಲಿ ನಿಕ್ಷೇಪವೆಂದು ಹೆಸರು. ಅದನ್ನು ಕಾಯುವುದು ಇಟ್ಟುಕೊಂಡವನ ಕರ್ತವ್ಯ. ಹಣ ತೆತ್ತು ದೂರದಲ್ಲಿ ಕಾದಿರುವವನ ಸರಕು, ನಮ್ಮ ಅಂಗಳದಲ್ಲಿರುವಷ್ಟು ಹೊತ್ತು, ಅಂಥ ನಿಕ್ಷೇಪವೇ. ಅಥಣಿಯ ಚಪ್ಪಲಿಯನ್ನು ಮೆಟ್ಟುವ ಆ ದೂರದ ಪಾದವನ್ನು ಹೊಲಿದವಳು ಎಂದೂ ನೋಡಲಾರಳು. ಮೆಟ್ಟಿದವನೂ ಅವಳ ಕೈಯನ್ನು ನೋಡಲಾರನು. ಇಬ್ಬರ ನಡುವೆ ಇರುವುದು ಬೆರಳಿನಷ್ಟು ದಪ್ಪದ ಒಂದು ಮುದ್ರೆ, ಅದರ ಮೇಲೆ ಕೆಲವು ಅಂಕಿ. ಅದನ್ನು ಹಾಕುವವನು ಆ ಅಂಕಿಗಳನ್ನು ಒಂದು ಸಲ ಹೆಚ್ಚಾಗಿ ಓದಲಿ.