ಹಳೆಯ ಲೋಡರಿನ ಎಣ್ಣೆ

ನಮ್ಮ ಮನೆಯ ಹಿತ್ತಿಲಿನ ತಗಡಿನ ಚಪ್ಪರದ ಕೆಳಗೆ ಒಂದು ಹಳೆಯ ಕ್ರಾಲರ್ ಲೋಡರ್ ಇದೆ. ಊರಿನವರು ಅದನ್ನು ಚೈನ್ ಲೋಡರ್ ಎನ್ನುವರು. ರಬ್ಬರಿನ ಗಾಲಿಗಳಿಗೆ ಬದಲಾಗಿ ಉಕ್ಕಿನ ಸರಪಳಿಗಳ ಮೇಲೆ ಚಲಿಸುವ, ಮುಂದುಗಡೆ ಮಣ್ಣನ್ನು ತುಂಬುವ ಬಕೆಟ್ಟುಳ್ಳ ಯಂತ್ರವಿದು. ಮೆದುನೆಲದಲ್ಲಿ ಹೂತುಕೊಳ್ಳದೆ ನಡೆಯುವ ಇಂತಹ ಸರಪಳಿಯನ್ನು ಬೆಂಜಮಿನ್ ಹೋಲ್ಟ್ ಎಂಬಾತನು 1904 ರಲ್ಲಿ ಅಮೆರಿಕದ ಸ್ಟಾಕ್ಟನ್ ಪಟ್ಟಣದ ಬಳಿ ಉಗಿಯಂತ್ರವೊಂದಕ್ಕೆ ತೊಡಿಸಿ ಪರೀಕ್ಷಿಸಿದನು. ನಮ್ಮ ಯಂತ್ರವು ಅಷ್ಟು ಪುರಾತನವಾದುದಲ್ಲ. ಆದರೂ ನಮ್ಮ ಯಜಮಾನರು ಅದನ್ನು ಹರಾಜಿನಲ್ಲಿ ಕೊಂಡುತಂದಾಗಲೇ ಅದಕ್ಕೆ ವಯಸ್ಸಾಗಿದ್ದಿತು. ಅವರು ತೀರಿಕೊಂಡ ಮೇಲೆ ಅದರ ಲೆಕ್ಕಪತ್ರವೂ ಯೋಗಕ್ಷೇಮವೂ ನನ್ನ ಪಾಲಿಗೆ ಬಂದುವು. ಮನೆಯ ಅನ್ನವು ಬಹುಮಟ್ಟಿಗೆ ಅದರಿಂದಲೇ ನಡೆಯತಕ್ಕದ್ದಾದುದರಿಂದ, ಹೆಂಗಸಿಗೆ ಇದೇಕೆಂದು ಕೇಳುವವರಿಗೆ ನಾನು ಉತ್ತರ ಹೇಳುವ ಗೋಜಿಗೆ ಹೋಗುವುದಿಲ್ಲ.

ಎತ್ತಿಗೆ ಹುಲ್ಲು ಎಷ್ಟು ಮುಖ್ಯವೋ ಇದಕ್ಕೆ ಎಣ್ಣೆಯು ಅಷ್ಟು ಮುಖ್ಯ. ಎಂಜಿನಿಗೆ ಒಂದು ಎಣ್ಣೆ, ಗೇರುಪೆಟ್ಟಿಗೆಗೆ ಒಂದು, ಬಕೆಟ್ಟನ್ನು ಎತ್ತುವ ಹೈಡ್ರಾಲಿಕ್ ವ್ಯವಸ್ಥೆಗೆ ಇನ್ನೊಂದು, ಸರಪಳಿಯನ್ನು ತಿರುಗಿಸುವ ಫೈನಲ್ ಡ್ರೈವುಗಳಿಗೆ ಮತ್ತೊಂದು. ಈ ಬಗೆಯ ಯಂತ್ರಗಳಲ್ಲಿ ಎಂಜಿನಿನ ಎಣ್ಣೆಯನ್ನು ಸಾಮಾನ್ಯವಾಗಿ 250 ಗಂಟೆಗಳ ದುಡಿಮೆಗೊಮ್ಮೆಯೂ, ಗೇರುಪೆಟ್ಟಿಗೆಯದನ್ನು 1000 ಗಂಟೆಗಳಿಗೊಮ್ಮೆಯೂ, ಹೈಡ್ರಾಲಿಕ್ ಮತ್ತು ಫೈನಲ್ ಡ್ರೈವುಗಳದನ್ನು 2000 ಗಂಟೆಗಳಿಗೊಮ್ಮೆಯೂ ಬದಲಾಯಿಸುವುದು ವಾಡಿಕೆ. ಫಿಲ್ಟರುಗಳ ಸರದಿ ಇನ್ನೂ ಬೇಗ ಬರುತ್ತದೆ. ನಮ್ಮ ಯಜಮಾನರು ಇದಕ್ಕೆಂದೇ ಒಂದು ನೋಟುಬುಕ್ಕನ್ನು ಇಟ್ಟಿದ್ದರು. ಮಗುವಿನ ಜ್ವರವನ್ನು ಬರೆದಿಡುವ ತಾಯಿಯಂತೆ ಗಂಟೆಯ ಮೀಟರಿನ ಅಂಕಿಗಳನ್ನು ಅದರಲ್ಲಿ ಬರೆಯುತ್ತಿದ್ದರು. ಈಗ ನಾನು ಬರೆಯುತ್ತೇನೆ.

ಕೆಲಸವನ್ನು ಸಾಯಂಕಾಲ, ಯಂತ್ರವು ದುಡಿದು ಬಂದು ಇನ್ನೂ ಬೆಚ್ಚಗಿರುವಾಗಲೇ ಮಾಡತಕ್ಕದ್ದು. ಆರಿದ ಎಣ್ಣೆಯ ಗಸಿಯು ತಳದಲ್ಲಿ ಕುಳಿತುಬಿಡುವುದನ್ನು ಅಡಿಗೆಮನೆಯಲ್ಲಿ ಯಾರು ತಾನೇ ಕಂಡಿಲ್ಲ? ಬೆಚ್ಚಗಿದ್ದರೆ ಕೊಳೆಯೂ ಎಣ್ಣೆಯೊಡನೆ ಹರಿದುಹೋಗುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನನ್ನು ಆರಿಸಿ, ಕೊಳವೆಗಳಲ್ಲಿ ಉಳಿದ ಒತ್ತಡವು ಹೋಗುವಂತೆ ಸನ್ನೆಗಳನ್ನು ಹಿಂದುಮುಂದಕ್ಕೆ ಆಡಿಸಬೇಕು. ಎತ್ತಿದ ಬಕೆಟ್ಟಿನ ಕೆಳಗೆ ಮನುಷ್ಯನು ಹೋಗಕೂಡದೆಂಬುದು ನಮ್ಮಲ್ಲಿ ಮೀರಬಾರದ ಕಟ್ಟಳೆ. ಡೀಸಲ್ ಫಿಲ್ಟರನ್ನು ಬದಲಾಯಿಸಿದ ಮೇಲೆ ಒಳಹೊಕ್ಕ ಗಾಳಿಯನ್ನು ಕೈಪಂಪಿನಿಂದ ಹೊರಗೆಡವಬೇಕಾಗುತ್ತದೆ. ಅದು ತಾಳ್ಮೆಯ ಕೆಲಸವೇ ಹೊರತು ಕಷ್ಟದ್ದಲ್ಲ.

ಆದರೆ ನನ್ನ ಮಟ್ಟಿಗೆ ಮುಖ್ಯವಾದುದು ಹೊಸ ಎಣ್ಣೆಯನ್ನು ಸುರಿಯುವುದಲ್ಲ, ಹಳೆಯದನ್ನು ನೋಡುವುದು. ಎಣ್ಣೆಯು ಹಾಲುಬೆರಸಿದಂತೆ ಮಸುಕಾಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ತೆಳುವಾಗಿ ಡೀಸಲಿನ ವಾಸನೆ ಹೊಡೆದರೆ ಎಂಜಿನಿನೊಳಕ್ಕೆ ಇಂಧನವು ಸೋರುತ್ತಿದೆ. ತೆಗೆದ ಫಿಲ್ಟರನ್ನು ಹಾಗೆಯೇ ಎಸೆಯದೆ ಕತ್ತರಿಸಿ, ಒಳಗಿನ ಮಡಿಕೆಮಡಿಕೆಯಾದ ಕಾಗದವನ್ನು ಬಿಳಿಯ ಬಟ್ಟೆಯ ಮೇಲೆ ಹರವಿ, ಆಯಸ್ಕಾಂತವನ್ನು ಆಡಿಸುತ್ತೇವೆ. ಅಂಟಿಕೊಂಡದ್ದು ಕಬ್ಬಿಣ, ಅಂಟದೆ ಹಳದಿಯಾಗಿ ಹೊಳೆಯುವುದು ಕಂಚು.

2024 ರ ಏಪ್ರಿಲಿನಲ್ಲಿ ನಮ್ಮ ಯಂತ್ರವು ಊರ ಕೆರೆಯ ಹೂಳನ್ನು ಎತ್ತುತ್ತಿದ್ದಿತು. ಮುಂಗಾರಿಗೆ ಮೊದಲೇ ಮುಗಿಯಬೇಕಾದ ಕೆಲಸ. ಗೇರುಪೆಟ್ಟಿಗೆಯ ಫಿಲ್ಟರಿನ ಸರದಿ ಬಂದಾಗ ಚಾಲಕನು, “ಎಣ್ಣೆ ಇನ್ನೂ ತುಪ್ಪದ ಹಾಗಿದೆ ಅಮ್ಮನವರೇ, ಕೆರೆಯ ಕೆಲಸ ಮುಗಿಯಲಿ” ಎಂದನು. ನಾನು ಒಪ್ಪಲಿಲ್ಲ. ಕತ್ತರಿಸಿ ನೋಡಿದಾಗ ಮಡಿಕೆಗಳ ನಡುವೆ ಕಂಚಿನ ಚೂರುಗಳು, ಅರಿಸಿನದ ಪುಡಿಯಂತಲ್ಲ, ಅಕ್ಕಿಯ ನುಚ್ಚಿನಂತೆ ಕಾಣಿಸಿದುವು. ನಯವಾದ ಪುಡಿಯು ಹಳೆಯ ಯಂತ್ರದಲ್ಲಿ ಅಷ್ಟಿಷ್ಟು ಇದ್ದೇ ಇರುತ್ತದೆ, ಚೂರುಗಳು ಇರತಕ್ಕವಲ್ಲ. ಗೇರುಪೆಟ್ಟಿಗೆಯ ಕ್ಲಚ್ಚುಗಳ ಬಿಲ್ಲೆಗಳಿಗೆ ಕಂಚಿನ ಪದರವಿರುವುದರಿಂದ ಅದು ಕಿತ್ತುಬರುತ್ತಿರುವುದೆಂದು ಊಹಿಸಿದೆವು.

ನನ್ನ ಮೈದುನನ ಮಗನು ತಿಳಿವಳಿಕೆಯುಳ್ಳ ಹುಡುಗ. “ಇನ್ನು ಹತ್ತೇ ದಿನದ ಕೆಲಸ ದೊಡ್ಡಮ್ಮ, ಹಣ ಕೈಗೆ ಬಂದರೆ ರಿಪೇರಿಯ ಖರ್ಚೂ ಅದರಲ್ಲೇ ತೀರುತ್ತದೆ” ಎಂದನು. ಮಾತು ತಪ್ಪಾಗಿರಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹತ್ತು ದಿನ ನಡೆದರೆ ಸರಿ. ಕೆರೆಯಂಗಳದ ನಡುವೆ ಗೇರುಪೆಟ್ಟಿಗೆ ಮುರಿದರೆ ಅಷ್ಟು ಭಾರವಾದ ಉಕ್ಕನ್ನು ಎಳೆದುತರುವವರಾರು? ಮೊದಲ ಮಳೆಗೇ ನೀರು ಅದನ್ನು ಸುತ್ತುವರಿಯುವುದು. ಬೆಳಿಗ್ಗೆ ಊರ ಹಿರಿಯರ ಬಳಿಗೆ ಹೋಗಿ, ಉಳಿದ ಕೆಲಸಕ್ಕೆ ಬೇರೆ ಯಂತ್ರವನ್ನು ಗೊತ್ತುಮಾಡಿಕೊಳ್ಳಿರೆಂದು ಹೇಳಿ ಬಂದೆನು. ಬರತಕ್ಕ ಹಣದಲ್ಲಿ ಮೂರನೆಯ ಒಂದು ಪಾಲು ಹೋಯಿತು.

ಬಿಚ್ಚಿದಾಗ ಒಂದು ಕ್ಲಚ್ಚಿನ ಬಿಲ್ಲೆಗಳು ಕಂಚೆಲ್ಲ ಸವೆದು ಉಕ್ಕನ್ನು ತೋರಿಸುತ್ತಿದ್ದುವು. ಮಿಕ್ಕ ಕ್ಲಚ್ಚುಗಳಿಗೂ ಹಲ್ಲುಚಕ್ರಗಳಿಗೂ ಪೆಟ್ಟು ತಗುಲಿರಲಿಲ್ಲ. ಹಳೆಯ ಮಾದರಿಯ ಬಿಲ್ಲೆಗಳನ್ನು ಹುಡುಕಿ ತರಿಸಿ, ಒಳಗನ್ನೆಲ್ಲ ತೊಳೆದು, ಟಿಒ-4 ಗುರುತಿನ ಎಣ್ಣೆಯನ್ನು ತುಂಬಿಸಿದೆವು. ಐವತ್ತು ಗಂಟೆ ದುಡಿಸಿದ ಮೇಲೆ ಫಿಲ್ಟರನ್ನು ಮತ್ತೆ ಕತ್ತರಿಸಿ ನೋಡಿದೆವು. ಬಟ್ಟೆಯ ಮೇಲೆ ಚೂರು ಬೀಳಲಿಲ್ಲ. ಹುಡುಗನು ಈಗ ಯಾರೂ ಹೇಳದೆ ತಾನೇ ಆಯಸ್ಕಾಂತವನ್ನು ತರುತ್ತಾನೆ.

ಇನ್ನು ಹಳೆಯ ಎಣ್ಣೆಯ ಮಾತು. ಬೇಲಿಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಅದನ್ನು ಕೇಳಿಕೊಂಡು ಬರುವವರು ಬಹುಮಂದಿ. 2016 ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಇದೂ ಸೇರಿದೆ. ಅನುಮತಿ ಪಡೆದವರಿಗೇ ಒಪ್ಪಿಸತಕ್ಕದ್ದು. ನಿಯಮವಿಲ್ಲದಿದ್ದರೂ ಬಾವಿಯ ಸುತ್ತಲಿನ ಮಣ್ಣಿಗೆ ಅದನ್ನು ಇಳಿಯಗೊಡಲು ನನಗೆ ಮನಸ್ಸಿಲ್ಲ. ಆದುದರಿಂದ ಪೀಪಾಯಿಯಲ್ಲಿ ತುಂಬಿ ಮುಚ್ಚಳ ಬಿಗಿದು ಇಡುತ್ತೇವೆ. “ಒಂದು ತಂಬಿಗೆ ಕೊಟ್ಟರೆ ನಿನ್ನ ಗಂಟೇನು ಹೋಗುತ್ತಿತ್ತು?” ಎಂದು ಪಕ್ಕದ ಮನೆಯ ಅಜ್ಜಿಯು ಕೇಳಿದರು. ಎಷ್ಟು ತಿಳಿಹೇಳಿದರೂ ಅವರಿಗೆ ಅದು ನನ್ನ ಜಿಪುಣತನವಾಗಿಯೇ ತೋರಿತು. ಅವರ ಮುನಿಸು ಇನ್ನೂ ಪೂರ್ತಿಯಾಗಿ ಇಳಿದಿಲ್ಲ.