ನೆನೆಸದ ಖಣ

ಆಸ್ತಿಗಾಗಿ ನಮ್ಮ ಮನೆಯಲ್ಲಿ ಜಗಳವಾದದ್ದು ನಾನು ಕಂಡಿಲ್ಲ. ಕೌದಿಗಾಗಿ ಆದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬಸುರಿ ಅಕ್ಕನ ಕುಬಸದ ಕಾರ್ಯಕ್ಕೆ ಬಂದವರು ಉಡಿ ತುಂಬಿ ಹೋದ ಗುಳೇದಗುಡ್ಡದ ಖಣಗಳು ಟ್ರಂಕಿನಲ್ಲಿ ಹಾಗೇ ಕೂತಿದ್ದವು. ಕೆಂಪು, ಹಸಿರು, ಕಡುನೀಲಿ, ಎಲ್ಲವಕ್ಕೂ ಮೈತುಂಬ ಸಣ್ಣ ಸಣ್ಣ ನೇಯ್ಗೆಯ ಚಿತ್ತಾರ. ಅಷ್ಟೂ ಖಣಕ್ಕೆ ಕುಬಸ ಹೊಲಿಸಿ ತೊಡಲು ಅಕ್ಕನಿಗೆ ಒಂದು ಜನ್ಮ ಸಾಲದು. ಕೂಸಿನ ತೊಟ್ಟಿಲು ಕಾರ್ಯ ಮುಗಿದ ಮೇಲೆ ಅತ್ತಿ ಒಂದು ಉಪಾಯ ತೆಗೆದಳು: ಒಳಗೆ ಆಯಿಯ ಹಳೆಯ ಇಳಕಲ್ ಪತ್ಲ ಹಾಕಿ, ಮೇಲೆ ಈ ಖಣ ಕೂಡಿಸಿ, ಕೂಸಿಗೊಂದು ಕೌದಿ ಮಾಡಿಸೋಣ. ಎಲ್ಲರೂ ಹೂಂ ಅಂದರು.

ಸುಗ್ಗಿ ಮುಗಿದ ಮೇಲೆ ಕೌದಿಯಾಕಿ ಬಂದಳು. ಹಳೆಯ ಅರಿವೆ, ಜೋಳ, ಒಂದಿಷ್ಟು ರೊಕ್ಕ ಅವಳ ಕೂಲಿ. ಪಡಸಾಲೆಯಲ್ಲಿ ಪತ್ಲ ಹಾಸಿ ಸುಕ್ಕು ತೀಡಿದಳು. ಅತ್ತಿ ಖಣಗಳ ಗಂಟು ಬಿಚ್ಚಿ ಮುಂದಿಟ್ಟಳು. ಕೌದಿಯಾಕಿ ಒಂದನ್ನು ಎತ್ತಿ ಮುಷ್ಟಿಯಲ್ಲಿ ಹಿಸುಕಿ, ಮೂಗಿಗೆ ಹಿಡಿದು, ಕೆಳಗಿಟ್ಟಳು.

“ಇನ್ನೂ ಗಂಜಿ ಐತ್ರಿ. ಮೊದಲ ನೀರಿಗೆ ಹಾಕ್ರಿ. ನೆನಸದ ಅರಿವಿ ನಾ ಹೊಲಿಯಂಗಿಲ್ಲ.”

“ಹೊಸಾ ಖಣಾ ನೀರಿಗೆ ಹಾಕಿ ಹಳೇವು ಮಾಡೋದ್ಯಾಕ? ಹೊಳಪೆಲ್ಲಾ ಹೋಗತೈತಿ” ಅಂದಳು ಅತ್ತಿ.

ಅತ್ತಿಯ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಗಂಜಿ ಇರುವ ಬಟ್ಟೆ ಕತ್ತರಿಗೆ ನೆಟ್ಟಗೆ ಸಿಗುತ್ತದೆ, ಅಂಚು ಮಡಿಸಿದರೆ ಹೇಳಿದಂತೆ ಕೇಳುತ್ತದೆ. ಒಗೆದರೆ ಅಂಚಿನ ಎಳೆ ಬಿಟ್ಟುಕೊಳ್ಳುತ್ತದೆ, ಇಸ್ತ್ರಿ ಮಾಡುವ ಕೆಲಸ ಬೇರೆ. ಕೌದಿಯಾಕಿ ಇದ್ಯಾವುದನ್ನೂ ಅಲ್ಲಗಳೆಯಲಿಲ್ಲ. ಅವಳ ಚಿಂತೆ ಪತ್ಲದ್ದಾಗಿತ್ತು.

“ಈ ಪತ್ಲ ಎಷ್ಟೋ ವರ್ಷ ನೀರು ಕುಡದಾವ್ರಿ. ಕುಗ್ಗೂದೆಲ್ಲಾ ಕುಗ್ಗಿ ಮುಗದೈತಿ. ಖಣಾ ಇನ್ನೂ ಒಮ್ಮೆನೂ ಕುಡದಿಲ್ಲ. ಎರಡೂ ಕೂಡಿಸಿ ಹೊಲದ್ರ, ನೀರಿಗೆ ಬಿದ್ದ ದಿನಾ ಒಂದು ಎಳೀತೈತಿ, ಇನ್ನೊಂದು ಬರಂಗಿಲ್ಲ.”

“ಗಂಡಾ ಹೆಂಡತಿ ಇದ್ದಂಗ” ಅಂದಳು ಆಯಿ ಎಲೆಗೆ ಸುಣ್ಣ ಹಚ್ಚುತ್ತ.

ಕೌದಿಯಾಕಿಯ ಮಾತಿನ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮಗ್ಗದಲ್ಲಿ ನೂಲನ್ನು ಬಿಗಿಯಾಗಿ ಎಳೆದು ನೇಯುತ್ತಾರೆ, ಗಂಜಿ ಆ ಬಿಗಿಯನ್ನು ಹಿಡಿದಿಡುತ್ತದೆ. ಮೊದಲ ಸಲ ನೆನೆದಾಗ ನೂಲು ಸಡಿಲಗೊಂಡು ತನ್ನ ಅಳತೆಗೆ ಮರಳುತ್ತದೆ. ಹತ್ತಿಯ ಬಟ್ಟೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಅಮೆರಿಕದ ಸ್ಯಾನ್‌ಫೋರ್ಡ್ ಕ್ಲೂಯೆಟ್ 1930ರಲ್ಲಿ ಇದಕ್ಕೊಂದು ಯಂತ್ರದ ಉಪಾಯಕ್ಕೆ ಪೇಟೆಂಟ್ ಪಡೆದ. ಕೊಳ್ಳುವವರ ಮನೆಯಲ್ಲಿ ಕುಗ್ಗುವುದನ್ನು ಗಿರಣಿಯಲ್ಲೇ ಕುಗ್ಗಿಸಿ ಕಳಿಸುವುದು. ಮಿಲ್ಲಿನ ಬಟ್ಟೆಯ ಅಂಚಿನಲ್ಲಿ ‘ಸ್ಯಾನ್‌ಫೋರೈಸ್ಡ್’ ಅಂತ ಮುದ್ರೆ ಇರುತ್ತಿದ್ದದ್ದು ಅದಕ್ಕೇ. ಕೈಮಗ್ಗದ ಖಣಕ್ಕೆ ಆ ಸಂಸ್ಕಾರ ಎಲ್ಲಿಂದ ಬರಬೇಕು? ಕೌದಿ ಪೂರ್ತಿ ಒಂದೇ ಥರದ ಹೊಸ ಬಟ್ಟೆಯದಾಗಿದ್ದರೆ ಎಲ್ಲ ಒಟ್ಟಿಗೆ ಕುಗ್ಗಿ, ಸಣ್ಣಗೆ ನಿರಿಗೆ ಬಿದ್ದು ಸುಮ್ಮನಾಗುತ್ತದೆ. ಕೆಲವರಿಗೆ ಆ ನಿರಿಗೆಯೇ ಇಷ್ಟ. ಹೊಸದನ್ನು ಹಳೆಯದಕ್ಕೆ ಕಟ್ಟಿದಾಗ ತಂಟೆ.

ಜಗಳ ಬೆಳೆಯುವುದನ್ನು ಕಂಡು ಆಯಿ ಎದ್ದಳು. ಒಂದು ಖಣದ ಉದ್ದಕ್ಕೆ ದಾರ ಹಿಡಿದು ಕತ್ತರಿಸಿಟ್ಟುಕೊಂಡು, ಖಣವನ್ನು ಬಕೆಟ್ಟಿಗೆ ಹಾಕಿದಳು. ಉಳಿದವನ್ನು ಒಂದೊಂದಾಗಿ ತಗೊಂಡು, ಅಜ್ಜನ ಬಿಳಿ ಧೋತ್ರದ ಚುಂಗನ್ನು ಒದ್ದೆ ಮಾಡಿ ತಿಕ್ಕಿದಳು. ಹಸಿರು ಏನೂ ಬಿಡಲಿಲ್ಲ. ಕೆಂಪು ಬಿಟ್ಟಿತು, ಅದೂ ಧಾರಾಳವಾಗಿ. ಒಣಗಿದ ಮೇಲೆ ಬಕೆಟ್ಟಿನ ಖಣ ದಾರಕ್ಕಿಂತ ಎರಡು ಬೆರಳು ಗಿಡ್ಡವಾಗಿತ್ತು.

ಅತ್ತಿ ಅರ್ಧ ಸೋತಳು. “ಉಪ್ಪು ಹಾಕಿದ್ರ ಬಣ್ಣಾ ನಿಲ್ಲತೈತಿ” ಅಂದಳು. ಉಪ್ಪೂ ಹಾಕಿದರು, ನೀರು ಕೆಂಪಾಗುವುದು ನಿಲ್ಲಲಿಲ್ಲ. ಬಣ್ಣದ ಬಾನಿಯಲ್ಲಿ ಉಪ್ಪಿಗೆ ಕೆಲಸವಿದೆ. ನೂಲಿಗೆ ಅಂಟದೆ ಉಳಿದ ಬಣ್ಣವನ್ನು ಆಮೇಲೆ ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ. ಅಂಥ ಬಣ್ಣವನ್ನು ಹೊರಗೆ ಹಾಕುವುದೇ ಮದ್ದು. ಅವ್ವ ಕೆಂಪು ಖಣಗಳನ್ನು ಬೇರೆ ಮಾಡಿ, ನೀರು ತಿಳಿಯಾಗುವ ತನಕ ಜಾಲಿಸುತ್ತಲೇ ಇದ್ದಳು.

ಕೌದಿಯಾಕಿ ಖಣಗಳ ನಡುನಡುವೆ ಅಜ್ಜನ ಧೋತ್ರದ ತುಂಡನ್ನೂ ಕೂಡಿಸಿ ಹೊಲಿಯಲು ಕೂತಳು. ಸಾಲು ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬಂತು. ಮುಗಿಸುವ ಮುಂಚೆ ಅವಳು ಹೋಳಿಗೆಯ ಒಂದು ಚೂರು ಕೇಳಿ ಒಳಗಿಟ್ಟು ಹೊಲಿದಳು, ಕೌದಿ ಹಸಿದಿರಬಾರದಂತೆ.

ಮಳೆಗಾಲಕ್ಕೆ ಮುಂಚೆ ಕೌದಿಯನ್ನು ಹೊಳೆಗೆ ಒಯ್ದು ಒಗೆದರು. ಕಲ್ಲಿನ ಮೇಲೆ ಹರವಿದಾಗ ಒಂದು ಮೂಲೆ ಮಾತ್ರ ಮುಖ ಗಂಟಿಕ್ಕಿತ್ತು. ಅಲ್ಲಿನ ಕೆಂಪು ಖಣ ಬಿಗಿದುಕೊಂಡು, ಒಳಗಿನ ಪತ್ಲ ಉಬ್ಬಿ, ಪಕ್ಕದ ಬಿಳಿ ಧೋತ್ರದ ತುಂಡು ಗುಲಾಬಿಯಾಗಿತ್ತು. ಒಣಗಿದರೆ ಕಲೆ ಕೂತುಬಿಡುತ್ತದೆಂದು ಅವ್ವ ಮತ್ತೆ ಮತ್ತೆ ನೀರಿಗೆ ಅದ್ದಿದಳು. ಬಹಳಷ್ಟು ಹೋಯಿತು, ಪೂರ್ತಿ ಹೋಗಲಿಲ್ಲ. ಅತ್ತಿ ಯಾರ ಕಡೆಗೂ ನೋಡದೆ ಕಾಲುಂಗುರ ತಿಕ್ಕುತ್ತ ಕೂತಿದ್ದಳು.

ಮರುವರ್ಷ ಕೌದಿಯಾಕಿ ಬಂದಾಗ ಅತ್ತಿಯೇ ಮೊದಲು ಬಾಯಿ ತೆಗೆದಳು: “ಈ ಮೂಲಿಗೆ ಹೊಲಿಗಿ ಬಿಗಿ ಹಾಕೀ ನೋಡು.”

ಅವಳು ಕೌದಿಯ ಮೇಲೆ ಅಂಗೈ ಆಡಿಸಿದಳು. ಆ ಖಣದ ಮೇಲೆ ಕೈ ನಿಂತಿತು. “ಹೊಲಿಗಿ ಎಲ್ಲಾ ಕಡೆ ಒಂದ ಐತ್ರಿ ಅಕ್ಕಾರ. ಇದೊಂದು ಕಳ್ಳತನಲೆ ಒಳಗ ಬಂದೈತಿ.”

ಆಯಿಗೆ ನಗು ತಡೆಯಲಾಗಲಿಲ್ಲ. ಕೌದಿಯಾಕಿ ಹೊಲಿಗೆ ಬಿಚ್ಚಿ ಖಣ ತೆಗೆದು, ಬಿಸಿನೀರಿನಲ್ಲಿ ನೆನೆಸಿ ಒಣಗಿಸಿದಳು. ಈಗದು ಜಾಗಕ್ಕಿಂತ ಚಿಕ್ಕದು. ಉಳಿದ ಸಂದಿಗೆ ಪತ್ಲದ ಅಂಚಿನದೊಂದು ಪಟ್ಟಿ ಕೂಡಿಸಿ ಹೊಲಿದಳು. ಈ ಕೆಲಸಕ್ಕೆ ಜೋಳ ಬೇಡವೆಂದು, ಟ್ರಂಕಿನಲ್ಲಿ ಉಳಿದಿದ್ದ ಕೆಂಪು ಖಣವೊಂದನ್ನು ಕೇಳಿದಳು.

“ನೆನಸಿ ಕೊಡ್ಲೇನು?” ಅಂದಳು ಅತ್ತಿ.

“ಬ್ಯಾಡ್ರಿ, ನಾನ ನೆನಸ್ಕೋತೀನಿ. ನಿಮ್ಮ ಮ್ಯಾಲ ನಂಬಿಗಿ ಇಲ್ಲ.”